ಸ್ಲೀಪ್ ಆಪ್ನಿಯಾಗೆ ಕ್ಲಿಪ್ಪು, ದವಡೆ ಸಾಧನ: ಎಲ್ಲಿ ಕೆಲಸ ಮಾಡುತ್ತೆ, ಎಲ್ಲಿ ಕೈಕೊಡುತ್ತೆ

ಗಾಳಿದಾರಿ (ಆರ್ಥೊಡಾಂಟಿಸ್ಟ್, ಅಂದರೆ ಹಲ್ಲು, ದವಡೆಯ ಜೋಡಣೆ ಸರಿಪಡಿಸುವ ದಂತವೈದ್ಯ)

“ಕ್ಲಿಪ್ ಹಾಕಿಸಿದರೆ ಸ್ಲೀಪ್ ಆಪ್ನಿಯಾ ಹೋಗುತ್ತಾ?” ಈ ಪ್ರಶ್ನೆಗೆ ಹೌದು ಅಂದರೂ ತಪ್ಪು, ಇಲ್ಲ ಅಂದರೂ ತಪ್ಪು. ಸ್ಲೀಪ್ ಆಪ್ನಿಯಾ ಎಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ಕಟ್ಟುವ ರೋಗ. ಹಲ್ಲನ್ನು ಸಾಲಾಗಿ ನಿಲ್ಲಿಸುವ ತಂತಿ, ಬ್ರಾಕೆಟ್‌ಗಳಿಗೂ ರಾತ್ರಿ ಗಂಟಲು ಮುಚ್ಚಿಕೊಳ್ಳುವುದಕ್ಕೂ ನೇರ ನಂಟಿಲ್ಲ. ನಂಟಿರುವುದು ದವಡೆಗೆ. ಮೇಲ್ದವಡೆಯ ಚಾವಣಿಯೇ ಮೂಗಿನ ನೆಲ. ಅದು ಕಿರಿದಾಗಿದ್ದರೆ ಮೂಗಿನ ಹಾದಿಯೂ ಕಿರಿದು, ನಾಲಿಗೆಗೆ ಮೇಲೆ ಜಾಗ ಸಿಗದೆ ಹಿಂದಕ್ಕೆ ಸರಿಯುತ್ತದೆ. ಕೆಳದವಡೆ ಹಿಂದೆ ಇದ್ದರೆ ಅದಕ್ಕೆ ಕಟ್ಟಿಕೊಂಡಿರುವ ನಾಲಿಗೆಯ ಬುಡವೂ ಹಿಂದೆಯೇ. ಎಚ್ಚರವಿದ್ದಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿ ದಾರಿಯನ್ನು ತೆರೆದಿಟ್ಟಿರುತ್ತವೆ. ನಿದ್ದೆ ಹತ್ತಿದ ಮೇಲೆ ಸಡಿಲಾಗುತ್ತವೆ, ದಾರಿ ಕುಸಿಯುತ್ತದೆ.

ಬೆಳೆಯುವ ಮಕ್ಕಳಲ್ಲಿ ಮೇಲ್ದವಡೆ ಅಗಲಿಸುವುದು, ದೊಡ್ಡವರಲ್ಲಿ ರಾತ್ರಿ ಹೊತ್ತು ಮಾತ್ರ ಕೆಳದವಡೆಯನ್ನು ಮುಂದೆ ಹಿಡಿದಿಡುವ ಸಾಧನ, ಕೆಲವು ದೊಡ್ಡವರಲ್ಲಿ ಮೂಳೆಗೆ ಸ್ಕ್ರೂ ಹಾಕಿ ಅಗಲಿಸುವುದು, ಕೊನೆಗೆ ಎರಡೂ ದವಡೆ ಮುಂದೆ ತರುವ ಆಪರೇಷನ್ನಿಗೆ ಹಲ್ಲು ಸಿದ್ಧಪಡಿಸುವುದು. ನಮ್ಮ ಕೈಯಲ್ಲಿರುವುದು ಇಷ್ಟೇ. ಇವುಗಳ ಬಗ್ಗೆ ಬರೆಯುವವರಿಗೆ ಒಂದು ಷರತ್ತು: “ಗೊರಕೆ ಕಡಿಮೆಯಾಯಿತು” ಎಂಬುದನ್ನು ಫಲಿತಾಂಶವೆಂದು ಬರೆಯಬೇಡಿ. ಸದ್ದು ನಿಂತು ಉಸಿರು ಕಟ್ಟುವುದು ಮುಂದುವರಿಯುವ ಸಾಧ್ಯತೆ ಇದ್ದೇ ಇದೆ.

ನಿದ್ದೆಗಣ್ಣು (ಸ್ಲೀಪ್ ಲ್ಯಾಬ್ ಟೆಕ್ನಿಷಿಯನ್)

ಆ ಷರತ್ತಿಗೆ ನನ್ನ ಎರಡು ಮತ. ಲೆಕ್ಕದ ಭಾಷೆ ಗೊತ್ತಿಲ್ಲದಿದ್ದರೆ ಮುಂದಿನ ಚರ್ಚೆ ಅರ್ಥವಾಗುವುದಿಲ್ಲ, ಆದ್ದರಿಂದ ಅದನ್ನು ಮೊದಲೇ ಹೇಳುತ್ತೇನೆ.

ಗಾಳಿಯ ಹರಿವು ಕನಿಷ್ಠ 10 ಸೆಕೆಂಡ್ 90% ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದು ಆಪ್ನಿಯಾ. ಕನಿಷ್ಠ 30% ಇಳಿದು, ಜೊತೆಗೆ ಆಮ್ಲಜನಕ ಕುಸಿದರೆ ಅಥವಾ ಮಿದುಳು ಅರೆ ಎಚ್ಚರವಾದರೆ ಹೈಪೊಪ್ನಿಯಾ. ಗಂಟೆಗೆ ಇಂಥವು ಎಷ್ಟು ಎಂಬುದೇ ಎಎಚ್‌ಐ. ದೊಡ್ಡವರಲ್ಲಿ 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಮಕ್ಕಳಿಗೆ ಈ ಪಟ್ಟಿ ಹಾಕಬೇಡಿ, ಅವರಲ್ಲಿ ಗಂಟೆಗೆ 1 ದಾಟಿದರೂ ಸಹಜವಲ್ಲ. ಎಎಚ್‌ಐ 4 ಇರುವ ಮಗುವಿನ ರಿಪೋರ್ಟ್ ನೋಡಿ “ಐದರ ಒಳಗಿದೆ, ನಾರ್ಮಲ್” ಎಂದು ಕಳಿಸುವುದು ಇವತ್ತಿಗೂ ನಿಂತಿಲ್ಲ.

ರಿಪೋರ್ಟಿನಲ್ಲಿ ಇನ್ನೂ ಎರಡು ಸಾಲು ನೋಡಿ. ಒಂದು, ಅಬ್‌ಸ್ಟ್ರಕ್ಟಿವ್ ಎಷ್ಟು, ಸೆಂಟ್ರಲ್ ಎಷ್ಟು. ಅಬ್‌ಸ್ಟ್ರಕ್ಟಿವ್ ಎಂದರೆ ಗಂಟಲಿನ ದಾರಿ ಮುಚ್ಚಿ ಉಸಿರು ಕಟ್ಟುವುದು, ಸೆಂಟ್ರಲ್ ಎಂದರೆ ಉಸಿರಾಡು ಎಂಬ ಆಜ್ಞೆಯೇ ಮಿದುಳಿನಿಂದ ಬಾರದಿರುವುದು. ಅದಕ್ಕೆ ದವಡೆ ಎಷ್ಟು ಎಳೆದರೂ ಪ್ರಯೋಜನವಿಲ್ಲ. ಇನ್ನೊಂದು, ಅಂಗಾತ ಮಲಗಿದಾಗಿನ ಎಎಚ್‌ಐ ಮತ್ತು ಮಗ್ಗುಲಾದಾಗಿನ ಎಎಚ್‌ಐ. ಅಂಗಾತದಲ್ಲಿ ಮಾತ್ರ ಜಾಸ್ತಿ ಇದ್ದವರಿಗೆ ದವಡೆ ಸಾಧನ ಒಗ್ಗುವ ಸಾಧ್ಯತೆ ಹೆಚ್ಚು.

ಹಲ್ಲಂಗಡಿ (ಸಾಮಾನ್ಯ ದಂತವೈದ್ಯ)

ರೋಗಿ ನನ್ನ ಕುರ್ಚಿಯಲ್ಲಿ ಬೇರೆ ಯಾವುದಕ್ಕೋ ಕೂತಿರುತ್ತಾರೆ. ಏನು ಕಂಡರೆ ಸ್ಲೀಪ್ ಡಾಕ್ಟರ ಬಳಿ ಕಳಿಸಬೇಕು? ಸಿಬಿಸಿಟಿ (ದವಡೆಯ 3ಡಿ ಎಕ್ಸ್-ರೇ ಸ್ಕ್ಯಾನ್) ತೆಗೆದು ಗಾಳಿದಾರಿಯ ಗಾತ್ರ ಅಳೆದರೆ ಸಾಕು ಎನ್ನುವವರೂ ಇದ್ದಾರೆ.

ಗಾಳಿದಾರಿ

ಸಿಬಿಸಿಟಿ ವಿಷಯವನ್ನು ಮೊದಲು ಮುಗಿಸೋಣ. ಆ ಚಿತ್ರ ತೆಗೆಯುವುದು ಎಚ್ಚರವಿರುವವರಲ್ಲಿ, ಬಹುಪಾಲು ಕೂತ ಅಥವಾ ನಿಂತ ಭಂಗಿಯಲ್ಲಿ. ರೋಗ ಬರುವುದು ನಿದ್ದೆಯಲ್ಲಿ, ಮಲಗಿದಾಗ. ಆ ಕ್ಷಣ ಉಸಿರು ಒಳಗೆಳೆದಿದ್ದರೇ, ಬಿಟ್ಟಿದ್ದರೇ, ಎಂಜಲು ನುಂಗಿದರೇ, ನಾಲಿಗೆ ಎಲ್ಲಿತ್ತು, ಕತ್ತು ಎಷ್ಟು ಎತ್ತಿದ್ದರು ಎಂಬುದರ ಮೇಲೆ ಗಾತ್ರ ಬದಲಾಗುತ್ತದೆ. ಮೊದಲ ಚಿತ್ರ ಕೆಂಪು, ಚಿಕಿತ್ಸೆಯಾದ ಮೇಲೆ ಹಸಿರು, ಹೀಗೆ ಬಣ್ಣ ತೋರಿಸಿ ಗುಣವಾಯಿತು ಎಂದು ಹೇಳುವುದು ಮಾರಾಟ, ವೈದ್ಯವಲ್ಲ. ಬೇರೆ ಕಾರಣಕ್ಕೆ ತೆಗೆದ ಸ್ಕ್ಯಾನಿನಲ್ಲಿ ದಾರಿ ತೀರಾ ಕಿರಿದಾಗಿ ಕಂಡರೆ ಅದು ವಿಚಾರಿಸಲು ಒಂದು ನೆಪ. ಅದಕ್ಕಿಂತ ಹೆಚ್ಚಿನ ಬೆಲೆ ಕೊಡಬೇಡಿ.

ಕುರ್ಚಿಯಲ್ಲೇ ಮಾಡಬಹುದಾದದ್ದು ಸ್ಟಾಪ್‌ಬ್ಯಾಂಗ್ ಪ್ರಶ್ನಾವಳಿ. ಗೊರಕೆ, ಹಗಲಿನ ಆಯಾಸ, ಉಸಿರು ನಿಂತದ್ದನ್ನು ಬೇರೆಯವರು ಕಂಡಿರುವುದು, ಬಿಪಿ, ತೂಕ, ವಯಸ್ಸು, ಕತ್ತಿನ ಸುತ್ತಳತೆ, ಲಿಂಗ. ಒಟ್ಟು ಎಂಟು ಅಂಶ. ಮೂರು ಅಥವಾ ಹೆಚ್ಚಿಗೆ ಹೌದು ಬಂದರೆ ಕಳಿಸಿ. ಬಾಯಿ ತೆರೆಸಿದಾಗ ಕಿರುನಾಲಿಗೆ ಕಾಣದಿರುವುದು, ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು, ಆಳವಾದ ಕಿರಿದಾದ ಅಂಗುಳು, ಹಿಂದಿರುವ ಗದ್ದ, ಹಲ್ಲು ಕಡಿದು ಸವೆದ ಗುರುತು, ಇವೆಲ್ಲ ಸುಳಿವು. ಸುಳಿವು ಮಾತ್ರ. ರೋಗವಿದೆ ಎಂದು ಹೇಳುವುದು ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಉಸಿರು, ಆಮ್ಲಜನಕ ದಾಖಲಿಸುವ ಪರೀಕ್ಷೆ) ಓದುವ ವೈದ್ಯರ ಕೆಲಸ. ಅಮೆರಿಕದ ಆರ್ಥೊಡಾಂಟಿಸ್ಟ್‌ಗಳ ಸಂಘ 2019ರಲ್ಲಿ ತಂದ ಶ್ವೇತಪತ್ರದ ಸಾರವೂ ಇದೇ: ಆರ್ಥೊಡಾಂಟಿಸ್ಟ್ ಗುರುತಿಸಲಿ, ಕಳಿಸಲಿ, ಚಿಕಿತ್ಸೆಯಲ್ಲಿ ಕೈಜೋಡಿಸಲಿ.

ಕಿವಿಮೂಗು (ಇಎನ್‌ಟಿ)

ಮಕ್ಕಳ ವಿಷಯಕ್ಕೆ ಬರೋಣ, ಜಾಹೀರಾತು ಜೋರಾಗಿರುವುದು ಅಲ್ಲೇ. ಮಗುವಿನ ಗಂಟಲಿನಲ್ಲಿ ಟಾನ್ಸಿಲ್ ಮೂರು ಅಥವಾ ನಾಲ್ಕನೇ ದರ್ಜೆಗೆ ಊದಿದ್ದು, ಮೂಗಿನ ಹಿಂದೆ ಅಡೆನಾಯ್ಡ್ ತುಂಬಿಕೊಂಡಿದ್ದರೆ ಮೊದಲ ಚಿಕಿತ್ಸೆ ಅವನ್ನು ತೆಗೆಯುವುದು. ಅಂಗುಳು ಅಗಲಿಸುವುದು ಅದಕ್ಕೆ ಬದಲಿಯಲ್ಲ. ಆಪರೇಷನ್ ಆದ ಮೇಲೂ ಎಎಚ್‌ಐ ಉಳಿದಿದ್ದು ಅಂಗುಳು ಕಿರಿದಾಗಿದ್ದರೆ, ಅಥವಾ ಟಾನ್ಸಿಲ್ ಸಣ್ಣದಿದ್ದು ಮೇಲ್ದವಡೆ ಮಾತ್ರ ಕಿರಿದಾಗಿದ್ದರೆ, ಆಗ ಆರ್ಥೊಡಾಂಟಿಸ್ಟ್‌ಗೆ ನಿಜವಾದ ಪಾತ್ರವಿದೆ.

ಮಕ್ಕಳು ದೊಡ್ಡವರ ಹಾಗೆ ತೂಕಡಿಸುವುದಿಲ್ಲ ಎಂಬುದನ್ನೂ ನೆನಪಿಡಿ. ಅವರಲ್ಲಿ ಅದು ಚಡಪಡಿಕೆ, ಗಮನವಿಲ್ಲದಿರುವುದು, ಹಾಸಿಗೆ ಒದ್ದೆ ಮಾಡುವುದು, ಬಾಯಿ ಬಿಟ್ಟು ಮಲಗುವುದು, ಕತ್ತನ್ನು ಹಿಂದಕ್ಕೆ ಚೆಲ್ಲಿ ಮಲಗುವುದು, ಹೀಗೆ ಹೊರಬರುತ್ತದೆ.

ತಂತಿಕೊಂಡಿ (ಆರ್ಥೊಡಾಂಟಿಸ್ಟ್)

ಕಿವಿಮೂಗು ಅವರ ಮಾತು ಒಪ್ಪಿಕೊಂಡೇ ಅಗಲಿಸುವ ವಿಧಾನವನ್ನು ವಿವರವಾಗಿ ಬರೆಯುತ್ತೇನೆ, ಕೆಡುವುದೂ ವಿವರಗಳಲ್ಲೇ. ವಿಧಾನ ಹೊಸದೇನಲ್ಲ. 1860ರಲ್ಲೇ ಎಮರ್ಸನ್ ಏಂಜೆಲ್ ಎಂಬ ದಂತವೈದ್ಯ ಅಂಗುಳಿನ ನಡುವಿನ ಬೆಸುಗೆ ತೆರೆದದ್ದನ್ನು ಬರೆದಿದ್ದರು.

ಮೇಲ್ದವಡೆ ಎಡ, ಬಲ ಎರಡು ಮೂಳೆ. ನಡುವೆ ಬೆಸುಗೆಯ ಗೆರೆ. ಹದಿಹರೆಯದ ಬೆಳವಣಿಗೆಯ ಜೋರು ಮುಗಿಯುವ ಮೊದಲು ಅದು ಸುಲಭವಾಗಿ ಬಿಡುತ್ತದೆ. ಹೈರಾಕ್ಸ್ ಎಂಬ ಸಾಧನದ ಬ್ಯಾಂಡುಗಳನ್ನು ಮೇಲಿನ ಮೊದಲ ದವಡೆಹಲ್ಲುಗಳಿಗೂ ಅದರ ಮುಂದಿನ ಪ್ರೀಮೋಲಾರ್ ಅಥವಾ ಹಾಲುಹಲ್ಲುಗಳಿಗೂ ಸಿಮೆಂಟಿನಿಂದ ಕೂರಿಸುತ್ತೇವೆ. ನಡುವೆ ಸ್ಕ್ರೂ. ಮನೆಯವರು ಕೀಲಿಯನ್ನು ಮುಂದಿನಿಂದ ತೂತಿಗೆ ಹಾಕಿ ಗಂಟಲ ಕಡೆಗೆ ತಳ್ಳಬೇಕು. ಒಂದು ಸಲ ತಳ್ಳಿದರೆ ಕಾಲು ಸುತ್ತು, ಸಾಮಾನ್ಯವಾಗಿ 0.25 ಮಿ.ಮೀ. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದರೆ ದಿನಕ್ಕೆ ಅರ್ಧ ಮಿ.ಮೀ., ಎರಡು ವಾರಕ್ಕೆ 7 ಮಿ.ಮೀ.

ತಪ್ಪಾಗುವುದು ಇಲ್ಲಿ: ಕೀಲಿಯನ್ನು ಪೂರ್ತಿ ತಳ್ಳದೆ ಹೊರಗೆಳೆದರೆ ಸ್ಕ್ರೂ ಅದರೊಂದಿಗೇ ಹಿಂದಕ್ಕೆ ತಿರುಗುತ್ತದೆ. ಮುಂದಿನ ತೂತು ಪೂರ್ತಿ ಕಾಣುವವರೆಗೆ ತಳ್ಳಿ, ಆಮೇಲೆ ಕೀಲಿಯನ್ನು ಹಿಂದಿನ ಕಡೆಯಿಂದಲೇ ಜಾರಿಸಿ ತೆಗೆಯಬೇಕು. ಕೀಲಿಗೆ ದಾರ ಕಟ್ಟಿ ಮಣಿಕಟ್ಟಿಗೆ ಸುತ್ತಿಕೊಳ್ಳಿ, ಮಗು ನುಂಗಬಾರದು. ಎಷ್ಟು ಸುತ್ತಾಯಿತು ಎಂದು ಕಾಗದದಲ್ಲಿ ಗೀಟು ಹಾಕಿ. ಬಾಯಲೆಕ್ಕ ಯಾವಾಗಲೂ ತಪ್ಪುತ್ತದೆ.

ಒಂದು ವಾರದ ಆಸುಪಾಸಿನಲ್ಲಿ ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಸಂದು ಬೀಳಬೇಕು. ಮನೆಯವರು ಗಾಬರಿಯಾಗುವುದು ಅದಕ್ಕೇ, ನಾವು ಕಾಯುವುದೂ ಅದಕ್ಕೇ. ಬೆಸುಗೆ ಬಿಟ್ಟಿತು ಎಂದರ್ಥ. ಹಲ್ಲುಗಳ ನಡುವಿನ ನಾರುಗಳು ಎಳೆದು ಕೆಲವು ತಿಂಗಳಲ್ಲಿ ಆ ಸಂದು ಬಹುಪಾಲು ತಾನೇ ಮುಚ್ಚುತ್ತದೆ. ಹತ್ತು ದಿನವಾದರೂ ಸಂದೇ ಕಾಣದಿದ್ದರೆ ತಿರುಗಿಸುವುದು ನಿಲ್ಲಿಸಿ ತೋರಿಸಬೇಕು. ಮೂಳೆ ಬಿಡುತ್ತಿಲ್ಲ, ಹಲ್ಲು ಹೊರಕ್ಕೆ ವಾಲುತ್ತಿದೆ. ಮೇಲಿನ ದವಡೆಹಲ್ಲಿನ ಒಳ ಮೊನೆ ಕೆಳಗಿನದರ ಹೊರ ಮೊನೆಗೆ ತಾಕುವಷ್ಟು, ಅಂದರೆ ಬೇಕಾದ್ದಕ್ಕಿಂತ ತುಸು ಹೆಚ್ಚು, ಅಗಲಿಸಿ ನಿಲ್ಲಿಸುತ್ತೇವೆ, ಸ್ವಲ್ಪ ಹಿಂದೆ ಬರುವುದು ಖಚಿತ. ಆಮೇಲೆ ಸ್ಕ್ರೂಗೆ ಬೀಗ ಹಾಕಿ ಮೂಳೆ ತುಂಬಲು ಸುಮಾರು ಆರು ತಿಂಗಳು ಹಾಗೇ ಬಿಡಬೇಕು. ಮೂರನೇ ತಿಂಗಳಿಗೆ “ಸಾಕು, ತೆಗೆಯಿರಿ” ಎಂಬ ಒತ್ತಾಯ ಬರುತ್ತದೆ. ಮಣಿಯಬೇಡಿ.

ಸ್ಕ್ರೂ 7 ಮಿ.ಮೀ. ತೆರೆದರೆ ಮೂಗೂ 7 ಮಿ.ಮೀ. ಅಗಲವಾಗುವುದಿಲ್ಲ. ಮುಂದಿನಿಂದ ನೋಡಿದರೆ ಅದು ಬೀಸಣಿಗೆಯ ಹಾಗೆ ತೆರೆಯುತ್ತದೆ, ಹಲ್ಲಿನ ಬಳಿ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಆದರೂ ಮೂಗಿನ ತಡೆ ಇಳಿಯಲು ಅಷ್ಟು ಸಾಕಾಗಬಹುದು, ಸಣ್ಣ ಕೊಳವೆಯಲ್ಲಿ ಸ್ವಲ್ಪ ಅಗಲವೂ ಹರಿವನ್ನು ಬಹಳ ಬದಲಿಸುತ್ತದೆ.

ಹಲ್ಲಂಗಡಿ

ಹಾಗಿದ್ದರೆ ಗೊರಕೆ ಹೊಡೆಯುವ ಪ್ರತಿ ಮಗುವಿಗೂ ಅಗಲಿಸಿಬಿಡಬಹುದಲ್ಲ, ನಷ್ಟವೇನು?

ತಂತಿಕೊಂಡಿ

ನಷ್ಟವಿದೆ. ಮೇಲ್ದವಡೆ ಸರಿಯಾದ ಅಗಲದಲ್ಲೇ ಇದ್ದರೆ, ಅಗಲಿಸಿದ ಮೇಲೆ ಮೇಲಿನ ಹಲ್ಲು ಕೆಳಗಿನದನ್ನು ಪೂರ್ತಿ ದಾಟಿ ಹೊರಗೆ ಹೋಗುತ್ತದೆ, ಕಚ್ಚುವುದೇ ಕೆಡುತ್ತದೆ. ಕಿರಿದಾದ ಅಂಗುಳು ಅಥವಾ ಅಡ್ಡಕಚ್ಚು (ಮೇಲಿನ ಹಲ್ಲು ಕೆಳಗಿನದರ ಒಳಗೆ ಕಚ್ಚುವುದು) ಇದ್ದರಷ್ಟೇ ಅಗಲಿಸಬೇಕು. ಆಪ್ನಿಯಾ ಇಳಿದರೆ ಅದು ಜೊತೆಗೆ ಬಂದ ಲಾಭ. ಆಪ್ನಿಯಾ ಬಾರದಂತೆ ಮುಂಚಿತವಾಗಿ ಅಗಲಿಸುತ್ತೇವೆ ಎನ್ನುವವರಿಗೆ ತೋರಿಸಲು ಪುರಾವೆಯಿಲ್ಲ.

ಗದ್ದ ಹಿಂದಿರುವ ಮಕ್ಕಳಿಗೆ ಕೆಳದವಡೆಯನ್ನು ಮುಂದೆ ಹಿಡಿಯುವ ಟ್ವಿನ್ ಬ್ಲಾಕ್‌ನಂಥ ಸಾಧನ ಬೆಳವಣಿಗೆಯ ಜೋರಿನ ಹೊತ್ತಲ್ಲಿ ಕೊಟ್ಟರೆ ಅದನ್ನು ಹಾಕಿಕೊಂಡಿರುವಷ್ಟು ಕಾಲ ಗಾಳಿದಾರಿಗೂ ಒಳ್ಳೆಯದು. ಅದು ತೆಗೆದ ಮೇಲೂ ಜೀವನಪೂರ್ತಿ ಕಾಯುತ್ತದೆ ಎಂದು ಮಾತ್ರ ಹೇಳಲಾರೆ.

ಅಚ್ಚುಮನೆ (ಡೆಂಟಲ್ ಲ್ಯಾಬ್)

ದೊಡ್ಡವರ ಸಾಧನದ ಬಗ್ಗೆ ಲ್ಯಾಬಿನ ಕಡೆಯಿಂದ ನಾನು ಬರೆಯುತ್ತೇನೆ. ಮೇಲೊಂದು ತಟ್ಟೆ, ಕೆಳಗೊಂದು ತಟ್ಟೆ, ಎರಡನ್ನೂ ಸೇರಿಸುವ ಸ್ಕ್ರೂ, ಪಟ್ಟಿ ಅಥವಾ ರೆಕ್ಕೆ. ಕೆಳದವಡೆ ಹಿಂದಕ್ಕೆ ಬೀಳದಂತೆ ಹಿಡಿಯುವುದಷ್ಟೇ ಅದರ ಕೆಲಸ. ಇಪ್ಪತ್ತನೇ ಶತಮಾನದ ಆರಂಭದಲ್ಲೇ ಪಿಯರ್ ರಾಬಿನ್ ಎಂಬ ಫ್ರೆಂಚ್ ವೈದ್ಯ ಗದ್ದ ಹಿಂದಿರುವ ಮಕ್ಕಳಿಗೆ ಇದೇ ಯುಕ್ತಿಯ ಮೊನೊಬ್ಲಾಕ್ ಬಳಸಿದ್ದರು.

ಬಿಸಿನೀರಲ್ಲಿ ಮೆದು ಮಾಡಿ ಕಚ್ಚಿಕೊಳ್ಳುವ ಸಿದ್ಧ ಸಾಧನಗಳು ಸಿಗುತ್ತವೆ. ಹಿಡಿತ ಕಡಿಮೆ, ನಿದ್ದೆಯಲ್ಲಿ ಕಳಚುತ್ತವೆ, ಮುಂದೆ ಸರಿಸಲು ಲೆಕ್ಕವಿರುವುದಿಲ್ಲ. ಅಚ್ಚು ತೆಗೆದು ಮಾಡಿದ, ಹಂತಹಂತವಾಗಿ ಸರಿಸಬಲ್ಲ ಸಾಧನವನ್ನೇ 2015ರ ಅಮೆರಿಕನ್ ಸ್ಲೀಪ್ ಮೆಡಿಸಿನ್ ಮಾರ್ಗಸೂಚಿಯೂ ಹೇಳುತ್ತದೆ.

ನಮಗೆ ಬರುವ ಕೆಲಸದಲ್ಲಿ ಅತಿ ಹೆಚ್ಚು ಕೆಡುವುದು ಕಚ್ಚಿನ ದಾಖಲೆ. ದವಡೆ ಎಷ್ಟು ಹಿಂದೆ ಮುಂದೆ ಸರಿಯುತ್ತದೆ ಎಂದು ತೋರಿಸುವ ಜಾರ್ಜ್ ಗೇಜಿನಲ್ಲಿ ಅಳೆಯುವಾಗ ಕೆಳದವಡೆ ಪೂರ್ತಿ ಹಿಂದಕ್ಕೆ ಹೋದಾಗಿನ ಅಂಕಿಯನ್ನೂ ಪೂರ್ತಿ ಮುಂದೆ ಬಂದಾಗಿನ ಅಂಕಿಯನ್ನೂ ಬರೆಯಬೇಕು. ಹಿಂದೆ ಮೈನಸ್ 3, ಮುಂದೆ ಪ್ಲಸ್ 8 ಎಂದಿಟ್ಟುಕೊಳ್ಳಿ. ಒಟ್ಟು ಚಲನೆ 11 ಮಿ.ಮೀ. ಶುರುವಿಗೆ ಅದರ 60%ರಲ್ಲಿ ಇಡಬೇಕಿದ್ದರೆ 6.6. ಇದನ್ನು ಮೈನಸ್ 3ರಿಂದ ಎಣಿಸಿದರೆ ಗೇಜು ನಿಲ್ಲಬೇಕಾದದ್ದು ಪ್ಲಸ್ 3.6ರಲ್ಲಿ. ಸೊನ್ನೆಯಿಂದ ಎಣಿಸಿ ಪ್ಲಸ್ 6.6ರಲ್ಲಿ ಕಳಿಸಿದರೆ ಅದು ಆಗಲೇ 87%. ಮೊದಲ ರಾತ್ರಿಯೇ ದವಡೆ ಕೀಲು ನೋಯುತ್ತದೆ, ಸಾಧನ ಡಬ್ಬಿ ಸೇರುತ್ತದೆ, ಹೆಸರು ಕೆಡುವುದು ನಮ್ಮದು.

ಬಾಚಿಹಲ್ಲುಗಳ ನಡುವಿನ ಎತ್ತರ ಸಾಮಾನ್ಯವಾಗಿ 4–5 ಮಿ.ಮೀ. ಸಾಕು. ಬಾಯಿ ಹೆಚ್ಚು ತೆರೆದಷ್ಟೂ ಗದ್ದ ಕೆಳಗೆ ಮತ್ತು ಹಿಂದಕ್ಕೆ ತಿರುಗುತ್ತದೆ, ಮುಂದೆ ತಂದದ್ದು ಅಷ್ಟರಮಟ್ಟಿಗೆ ವ್ಯರ್ಥ. ತುಟಿಯೂ ಮುಚ್ಚುವುದಿಲ್ಲ.

ಗಾಳಿದಾರಿ

ಅಚ್ಚುಮನೆಯವರ ಲೆಕ್ಕವನ್ನು ಪ್ರತಿ ಕ್ಲಿನಿಕ್ಕಿನ ಗೋಡೆಗೆ ಅಂಟಿಸಬೇಕು. ಶುರು ಮಾಡುವುದು 50ರಿಂದ 70%ರ ನಡುವೆ ಎಲ್ಲಾದರೂ ಸರಿ, ಎಲ್ಲಿಂದ ಎಣಿಸಿದ್ದು ಎಂದು ಬರೆದಿಡಿ.

ಯಾರಿಗೆ ಕೊಡಬಾರದು? ಪ್ರತಿ ದವಡೆಯಲ್ಲಿ ಎಂಟರಿಂದ ಹತ್ತು ಗಟ್ಟಿ ಹಲ್ಲಾದರೂ ಬೇಕು, ಇಲ್ಲದಿದ್ದರೆ ಹಿಡಿಯಲು ಆಧಾರವಿಲ್ಲ. ವಸಡು ರೋಗದಿಂದ ಹಲ್ಲು ಅಲುಗುತ್ತಿದ್ದರೆ ಮೊದಲು ಆ ಚಿಕಿತ್ಸೆ. ದವಡೆಯನ್ನು 5 ಮಿ.ಮೀ. ಕೂಡ ಮುಂದೆ ತರಲಾಗದವರಿಗೆ, ಕೀಲು ಈಗಲೇ ನೋಯುತ್ತಿರುವವರಿಗೆ ಬೇಡ.

ಫಲ ಎಷ್ಟು ಎಂದರೆ, ಒರಟು ಲೆಕ್ಕದಲ್ಲಿ ಮೂರರಲ್ಲಿ ಒಬ್ಬರಿಗೆ ಎಎಚ್‌ಐ ಐದರ ಕೆಳಗೆ ಬರುತ್ತದೆ, ಒಬ್ಬರಿಗೆ ಅರ್ಧದಷ್ಟಾದರೂ ಇಳಿಯುತ್ತದೆ, ಒಬ್ಬರಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ. ತೆಳು ಮೈ, ಸಣ್ಣ ಕತ್ತು, ಹಿಂದಿರುವ ಗದ್ದ, ಅಂಗಾತ ಮಲಗಿದಾಗ ಮಾತ್ರ ಹೆಚ್ಚಾಗುವ ಆಪ್ನಿಯಾ, ಇವು ಒಳ್ಳೆಯ ಲಕ್ಷಣ. ಹಾಗಂತ ಮೊದಲೇ ಖಚಿತವಾಗಿ ಹೇಳುವ ಪರೀಕ್ಷೆಯಿಲ್ಲ.

ನಿದ್ದೆಗಣ್ಣು

ಆ ಮೂರನೆಯವರನ್ನು ಪತ್ತೆ ಹಚ್ಚುವುದು ಹೇಗೆ? ಸಾಧನ ಬಾಯಲ್ಲಿಟ್ಟುಕೊಂಡೇ ಇನ್ನೊಂದು ಸ್ಲೀಪ್ ಸ್ಟಡಿ. ಇದನ್ನು ಬಿಡುವವರೇ ಹೆಚ್ಚು. ಗೊರಕೆ ಹೋಗಿದೆ, ಪಕ್ಕದಲ್ಲಿ ಮಲಗುವ ಸಂಗಾತಿಗೆ ಖುಷಿ, ಆದರೆ ಎಎಚ್‌ಐ 34ರಿಂದ 22ಕ್ಕಷ್ಟೇ ಇಳಿದಿದ್ದರೆ ಸದ್ದಿಲ್ಲದ ರೋಗ ಉಳಿಯಿತು. ಸದ್ದಿದ್ದಾಗಲಾದರೂ ಯಾರಾದರೂ ಎಬ್ಬಿಸುತ್ತಿದ್ದರು.

ಕ್ರಮ ಹೀಗಿರಲಿ: ಮೊದಲ ಒಂದೆರಡು ವಾರ ಸಾಧನಕ್ಕೆ ಒಗ್ಗಿಕೊಳ್ಳಲು ಬಿಡಿ, ಸರಿಸಬೇಡಿ. ಜೊಲ್ಲು ಸುರಿಯುವುದು, ಹಲ್ಲು ಜುಮ್ಮೆನ್ನುವುದು ಈ ಹೊತ್ತಲ್ಲೇ ಬಹುಪಾಲು ಇಳಿಯುತ್ತದೆ. ನಂತರ ಕೆಲವು ದಿನಕ್ಕೊಮ್ಮೆ 0.25ರಿಂದ 0.5 ಮಿ.ಮೀ. ಮುಂದೆ. ಪ್ರತಿ ಹಂತದಲ್ಲೂ ಗೊರಕೆ, ಹಗಲಿನ ತೂಕಡಿಕೆ, ದವಡೆ ನೋವು, ಮೂರನ್ನೂ ಬರೆದಿಡಿ. ಬೆಳಿಗ್ಗೆ ಎದ್ದು ಅರ್ಧ ಗಂಟೆಯಾದರೂ ಕೀಲು ನೋಯುತ್ತಿದ್ದರೆ ಒಂದು ಹಂತ ಹಿಂದಕ್ಕೆ, ಒಂದು ವಾರ ಕಾದು ಮತ್ತೆ ಪ್ರಯತ್ನ. ಲಕ್ಷಣಗಳು ಸುಧಾರಿಸಿ ನಿಂತ ಜಾಗದಲ್ಲಿ ಒಂದೆರಡು ರಾತ್ರಿ ಬೆರಳಿನ ಆಕ್ಸಿಮೀಟರ್ ದಾಖಲೆ ತೆಗೆದರೆ ಇನ್ನೂ ಸರಿಸಬೇಕೇ ಎಂದು ತಿಳಿಯುತ್ತದೆ. ಅದು ಚೆನ್ನಾಗಿ ಕಂಡ ಮೇಲೆಯೇ ಸ್ಲೀಪ್ ಸ್ಟಡಿ. ಅರ್ಧ ದಾರಿಯಲ್ಲೇ ಸ್ಟಡಿ ಮಾಡಿಸಿ “ಕೆಲಸ ಮಾಡಲಿಲ್ಲ” ಎಂದು ಬರೆಯುವುದೂ ಅಷ್ಟೇ ದೊಡ್ಡ ತಪ್ಪು.

ಸಿಪ್ಯಾಪ್, ಅಂದರೆ ಮಾಸ್ಕಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡುವ ಯಂತ್ರ, ಅದರ ಪರವಾಗಿಯೂ ಎರಡು ಮಾತು. 1981ರಲ್ಲಿ ಕಾಲಿನ್ ಸಲಿವನ್ ತಂಡ ತೋರಿಸಿದಾಗಿನಿಂದ ಎಎಚ್‌ಐ ಇಳಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ತೀವ್ರ ಆಪ್ನಿಯಾಗೆ, ಆಮ್ಲಜನಕ ತುಂಬಾ ಕುಸಿಯುವವರಿಗೆ, ಗಾಡಿ ಓಡಿಸುವಾಗ ಕಣ್ಣು ಮುಚ್ಚಿ ಹೋಗುವವರಿಗೆ ಮೊದಲು ಅದೇ. ವಾರಗಟ್ಟಲೆ ಸ್ಕ್ರೂ ಸರಿಸುತ್ತಾ ಕೂರುವ ಪರಿಸ್ಥಿತಿ ಅವರದ್ದಲ್ಲ.

ತಂತಿಕೊಂಡಿ

ಒಪ್ಪಿದೆ, ಆದರೆ ಅಲಮಾರಿಯಲ್ಲಿರುವ ಸಿಪ್ಯಾಪ್ ಯಾರ ಗಂಟಲನ್ನೂ ತೆರೆಯುವುದಿಲ್ಲ. ರಾತ್ರಿಗೆ ಮೂರು ಗಂಟೆ ಹಾಕಿಕೊಂಡು ಉಳಿದದ್ದು ಬಿಟ್ಟರೆ, ಬೆಳಗಿನ ಜಾವದ ಕನಸಿನ ನಿದ್ದೆ, ಅಂದರೆ ಆಪ್ನಿಯಾ ಹೆಚ್ಚಾಗುವ ಹೊತ್ತು, ಕಾವಲಿಲ್ಲದೆ ಹೋಗುತ್ತದೆ. ಎಎಚ್‌ಐಯನ್ನು ಕಡಿಮೆ ಇಳಿಸಿದರೂ ರಾತ್ರಿಯಿಡೀ ಬಾಯಲ್ಲಿರುವ ಸಾಧನ ಕೊನೆಗೆ ಅಷ್ಟೇ ಲಾಭ ಕೊಡಬಹುದು ಎಂಬ ವಾದಕ್ಕೆ ಬೆಲೆಯಿದೆ.

ಹಲ್ಲಂಗಡಿ

ವರ್ಷಗಟ್ಟಲೆ ದವಡೆ ಎಳೆದಿಟ್ಟರೆ ಕಚ್ಚು ಬದಲಾಗುತ್ತದೆ ಎನ್ನುತ್ತಾರಲ್ಲ?

ಗಾಳಿದಾರಿ

ಬದಲಾಗುತ್ತದೆ, ಮತ್ತು ಸಾಧನ ಕೊಡುವ ಮೊದಲೇ ಹೇಳಿ ಸಹಿ ಮಾಡಿಸಿಕೊಳ್ಳಬೇಕಾದ ವಿಷಯ ಅದು. ಕೆಳದವಡೆ ರಾತ್ರಿಯಿಡೀ ಹಿಂದಕ್ಕೆ ಹೋಗಲು ಎಳೆಯುತ್ತಿರುತ್ತದೆ. ಆ ಎಳೆತ ಮೇಲಿನ ಬಾಚಿಹಲ್ಲನ್ನು ಒಳಕ್ಕೂ ಕೆಳಗಿನದನ್ನು ಹೊರಕ್ಕೂ ತಳ್ಳುತ್ತದೆ. ಸರಾಸರಿ 11 ವರ್ಷ ಬಳಸಿದವರನ್ನು ಅಳೆದಾಗ ಮೇಲಿನ ಹಲ್ಲಿನ ಮುಂಚಾಚು ಸುಮಾರು 2 ಮಿ.ಮೀ. ಕಡಿಮೆಯಾಗಿತ್ತು. ಉಬ್ಬುಹಲ್ಲಿನವರಿಗೆ ಇದು ಪುಕ್ಕಟೆ ಸಿಕ್ಕ ಆರ್ಥೊಡಾಂಟಿಕ್ಸ್! ಮೊದಲೇ ಬಾಚಿಹಲ್ಲುಗಳು ತುದಿಗೆ ತುದಿ ತಾಕುತ್ತಿದ್ದವರಿಗೆ ಮಾತ್ರ ಕೆಳಗಿನ ಹಲ್ಲು ಮೇಲಿನದನ್ನು ದಾಟಿ ಮುಂದೆ ಹೋಗಬಹುದು, ಹಿಂದಿನ ಹಲ್ಲುಗಳು ಒಂದಕ್ಕೊಂದು ತಾಕದಿರಬಹುದು.

ಪೂರ್ತಿ ತಡೆಯಲಾಗದು, ನಿಧಾನ ಮಾಡಬಹುದು. ಬೆಳಿಗ್ಗೆ ಸಾಧನ ತೆಗೆದ ಮೇಲೆ ಸಹಜ ಕಚ್ಚಿನಲ್ಲಿ ಮಾಡಿಕೊಟ್ಟ ಸಣ್ಣ ಅಚ್ಚನ್ನು ಹತ್ತು ಹದಿನೈದು ನಿಮಿಷ ಕಚ್ಚಿಕೊಳ್ಳಬೇಕು. ತಿಂಡಿಯ ಹೊತ್ತಿಗೆ ಎರಡೂ ಕಡೆ ಹಿಂದಿನ ಹಲ್ಲು ತಾಕುತ್ತಿವೆಯೇ ಎಂದು ದಿನವೂ ಗಮನಿಸಬೇಕು. ಸಾಧನ ಕಟ್ಟಕಡೆಯ ದವಡೆಹಲ್ಲನ್ನೂ ಮುಚ್ಚಿರಲಿ, ಬಿಟ್ಟರೆ ಆ ಹಲ್ಲು ಉದ್ದಕ್ಕೆ ಇಳಿಯುತ್ತದೆ. ಕಚ್ಚು ಬದಲಾಯಿತೆಂದು ಒಮ್ಮೆಲೇ ಸಾಧನ ನಿಲ್ಲಿಸಬೇಡಿ. ಹಲ್ಲಿನ 1 ಮಿ.ಮೀ. ಮತ್ತು ಹೃದಯದ ಮೇಲಿನ ಹೊರೆ ತಕ್ಕಡಿಯ ಎರಡು ಕಡೆ ಇವೆ. ವೈದ್ಯರ ಜೊತೆ ಕೂತು ತೂಗಬೇಕು.

ಅಚ್ಚುಮನೆ

ಕ್ಲಿಪ್ಪು ಅಥವಾ ಅಲೈನರ್ (ಹಲ್ಲು ಸರಿಸುವ ಪಾರದರ್ಶಕ ತಟ್ಟೆ) ನಡೆಯುತ್ತಿರುವಾಗಲೇ ದವಡೆ ಸಾಧನ ಮಾಡಿಕೊಡಿ ಎಂದು ಅಚ್ಚು ಬರುತ್ತದೆ. ಮಾಡಬೇಡಿ. ಸಾಧನ ಕೂರುವುದು ಹಲ್ಲಿನ ಇಂದಿನ ಜಾಗಕ್ಕೆ. ಮುಂದಿನ ತಿಂಗಳು ಹಲ್ಲು ಬೇರೆ ಕಡೆ ಇರುತ್ತದೆ, ಸಾಧನ ಕೂರುವುದಿಲ್ಲ, ಕೂತರೆ ಹಲ್ಲನ್ನು ಹಳೆಯ ಜಾಗಕ್ಕೇ ಎಳೆಯುತ್ತದೆ. ಅಲೈನರನ್ನು ದಿನಕ್ಕೆ 20–22 ಗಂಟೆ ಹಾಕಬೇಕಾದ್ದರಿಂದ ಅಲ್ಲಿಯೂ ಜಾಗವಿಲ್ಲ. ಚಿಕಿತ್ಸೆ ಮುಗಿಯುವವರೆಗೆ ಸಿಪ್ಯಾಪ್, ಮುಗಿದ ಮೇಲೆ ಸಾಧನ.

ಕೆಳ ಬಾಚಿಹಲ್ಲುಗಳ ಹಿಂದೆ ಅಂಟಿಸಿದ ರಿಟೇನರ್ ತಂತಿ ಇದ್ದರೆ ಚೀಟಿಯಲ್ಲಿ ಬರೆಯಿರಿ, ಆ ಜಾಗ ತುಂಬಿ ಮಾಡುತ್ತೇವೆ, ಇಲ್ಲದಿದ್ದರೆ ಸಾಧನ ತೆಗೆಯುವಾಗ ತಂತಿ ಕಿತ್ತು ಬರುತ್ತದೆ. ಕ್ಯಾಪ್ ಹಾಕಿಸುವುದಿದ್ದರೆ ಅಚ್ಚಿಗೆ ಮೊದಲೇ ಹಾಕಿಸಿ. ಅಕ್ರಿಲಿಕ್ ಸಾಧನವನ್ನು ಹೊಸ ಕ್ಯಾಪಿಗೆ ತಕ್ಕಂತೆ ಒಳಗೆ ಕೊರೆದು ತುಂಬಬಹುದು, 3ಡಿ ಪ್ರಿಂಟರಿನಲ್ಲಿ ಮುದ್ರಿಸಿದ ನೈಲಾನ್ ಸಾಧನಕ್ಕೆ ಏನನ್ನೂ ಅಂಟಿಸುವುದು ಕಷ್ಟ. ತೊಳೆಯುವುದು ತಣ್ಣೀರಲ್ಲಿ, ಮೆದು ಬ್ರಷ್ಷಿನಲ್ಲಿ, ಟೂತ್‌ಪೇಸ್ಟ್ ಇಲ್ಲದೆ. ಬಿಸಿನೀರು ತಾಕಿದರೆ ಆಕಾರ ಹೋಗುತ್ತದೆ.

ಹಲ್ಲಂಗಡಿ

ಇನ್ನೊಂದು ಜಗಳದ ವಿಷಯ. ಕ್ಲಿಪ್ ಹಾಕಲು ಪ್ರೀಮೋಲಾರ್ ಕಿತ್ತರೆ ಬಾಯಿ ಚಿಕ್ಕದಾಗಿ ಆಪ್ನಿಯಾ ಬರುತ್ತದೆ ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ.

ತಂತಿಕೊಂಡಿ

2015ರಲ್ಲಿ ಸುಮಾರು 5,500 ಜನರ ದಾಖಲೆಗಳನ್ನು ಹೋಲಿಸಿದ ಅಧ್ಯಯನದಲ್ಲಿ, ನಾಲ್ಕು ಪ್ರೀಮೋಲಾರ್ ಇಲ್ಲದವರಲ್ಲಿ ಮತ್ತು ಇರುವವರಲ್ಲಿ ಆಪ್ನಿಯಾ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು, ಎರಡರಲ್ಲೂ ಹತ್ತರ ಆಸುಪಾಸಿನ ಶೇಕಡಾವಾರು. ಹಲ್ಲು ಕಿತ್ತ ಮಾತ್ರಕ್ಕೆ ರೋಗ ಬರುತ್ತದೆ ಎನ್ನಲು ಆಧಾರವಿಲ್ಲ.

ಆದರೆ ಆಪ್ನಿಯಾ ಈಗಾಗಲೇ ಇರುವ, ಗದ್ದ ಹಿಂದಿರುವ ದೊಡ್ಡವರ ವಿಷಯ ಬೇರೆ. ಮೇಲಿನ ಎರಡು ಪ್ರೀಮೋಲಾರ್ ಕಿತ್ತು ಉಬ್ಬುಹಲ್ಲನ್ನು ಹಿಂದಕ್ಕೆಳೆದು ಮುಖ ಸರಿಮಾಡಿದರೆ, ನಾಳೆ ಕೆಳದವಡೆಯನ್ನು ಆಪರೇಷನ್ ಮಾಡಿ ಮುಂದೆ ತರಲು ಬೇಕಾದ ಜಾಗವನ್ನೇ ಮುಚ್ಚಿದ ಹಾಗೆ. ಮೇಲಿನ ಬಾಚಿಹಲ್ಲಿಗೂ ಕೆಳಗಿನದಕ್ಕೂ ಇದ್ದ ಆ ಅಂತರವೇ ಶಸ್ತ್ರವೈದ್ಯರ ಬಂಡವಾಳ. ಯೋಜನೆ ಹಾಕುವ ದಿನವೇ ಸ್ಲೀಪ್ ರಿಪೋರ್ಟ್ ಮೇಜಿನ ಮೇಲಿರಬೇಕು ಎನ್ನುವುದು ಇದಕ್ಕೇ.

ಕಿವಿಮೂಗು

ಆಪರೇಷನ್ ಮಾತು ಬಂದದ್ದರಿಂದ ಸೇರಿಸುತ್ತೇನೆ. ಮೇಲಿನ, ಕೆಳಗಿನ ಎರಡೂ ದವಡೆಗಳನ್ನು ಕತ್ತರಿಸಿ ಸುಮಾರು 10 ಮಿ.ಮೀ. ಮುಂದೆ ತಂದು ಪ್ಲೇಟ್ ಹಾಕುವ ಶಸ್ತ್ರಚಿಕಿತ್ಸೆ ಬಲವಾದದ್ದು. ಎಲ್ಲ ಅಧ್ಯಯನ ಒಟ್ಟು ಮಾಡಿ ನೋಡಿದಾಗ 85% ಯಶಸ್ಸು ಎಂದು ಬರುತ್ತದೆ. ಆದರೆ ಅಲ್ಲಿ ಯಶಸ್ಸು ಎಂದರೆ ಎಎಚ್‌ಐ ಅರ್ಧಕ್ಕಿಂತ ಹೆಚ್ಚು ಇಳಿದು 20ರ ಒಳಗೆ ಬರುವುದು. ಐದರ ಒಳಗೆ ಬಂದವರು ಹತ್ತರಲ್ಲಿ ನಾಲ್ವರು ಮಾತ್ರ. ಕೆಳತುಟಿ, ಗದ್ದ ಮರಗಟ್ಟುವುದು ಸಾಮಾನ್ಯ, ಕೆಲವರಿಗೆ ಪೂರ್ತಿ ಹೋಗುವುದೇ ಇಲ್ಲ.

ಗಾಳಿದಾರಿ

ಅದರಲ್ಲಿ ಕ್ಲಿಪ್ಪಿನ ಕೆಲಸ ನೋಡುವವರಿಗೆ ತಲೆಕೆಳಗು ಎನಿಸುತ್ತದೆ. ಗದ್ದ ಹಿಂದಿರುವವರಲ್ಲಿ ಕೆಳ ಬಾಚಿಹಲ್ಲುಗಳು ಮೇಲಿನವನ್ನು ಮುಟ್ಟಲು ಮುಂದಕ್ಕೆ ವಾಲಿರುತ್ತವೆ. ಆಪರೇಷನ್ನಿಗೆ ಮೊದಲು ಅವನ್ನು ನೇರ ಮಾಡಿದಾಗ ಉಬ್ಬು ಇನ್ನೂ ಹೆಚ್ಚು ಕಾಣುತ್ತದೆ. ಒಂದೂವರೆ ವರ್ಷದವರೆಗೂ ಹಿಡಿಯಬಹುದಾದ ಈ ಹಂತದಲ್ಲಿ ರೋಗಿಗೆ “ಕೆಟ್ಟದಾಗುತ್ತಿದೆ” ಎನಿಸುವುದು ಸಹಜ, ಮೊದಲೇ ಹೇಳಿ. ಆಪ್ನಿಯಾ ತೀವ್ರವಿದ್ದು ಸಿಪ್ಯಾಪ್ ಒಗ್ಗದಿದ್ದರೆ ಅಷ್ಟು ಕಾಯುವಂತಿಲ್ಲ, ಆಗ ಆಪರೇಷನ್ ಮೊದಲು, ಹಲ್ಲಿನ ಕೆಲಸ ನಂತರ ಎಂಬ ಕ್ರಮವೂ ಉಂಟು.

ಹಲ್ಲಂಗಡಿ

ದೊಡ್ಡವರಿಗೆ ಆಪರೇಷನ್ ಇಲ್ಲದೆ ಅಂಗುಳು ಅಗಲಿಸುವುದು? ಕೆಲವರು ಹಾಕಿ ತೆಗೆಯುವ ತಟ್ಟೆಯಲ್ಲೇ ದವಡೆ ಬೆಳೆಸುತ್ತೇವೆ ಎನ್ನುತ್ತಾರೆ.

ತಂತಿಕೊಂಡಿ

ಹಾಕಿ ತೆಗೆಯುವ ತಟ್ಟೆ ದೊಡ್ಡವರಲ್ಲಿ ಹಲ್ಲನ್ನು ವಾಲಿಸುತ್ತದೆ, ಮೂಳೆಯನ್ನು ಅಗಲಿಸುವುದಿಲ್ಲ. ಮೇಲ್ದವಡೆಯನ್ನು ಮುಂದಕ್ಕೆ “ಬೆಳೆಸುವ” ಸ್ಥಿರ ಸಾಧನಗಳು ಇನ್ನೂ ಅಪಾಯ. ಬೆಳೆಯದ ಮೂಳೆಯೊಳಗಿಂದ ಹಲ್ಲನ್ನು ತಳ್ಳಿದರೆ ಬೇರು ಮೂಳೆಯ ಹೊರಗೋಡೆ ದಾಟುತ್ತದೆ, ವಸಡು ಇಳಿಯುತ್ತದೆ, ಹಲ್ಲು ಅಲುಗುತ್ತದೆ.

ನಿಜವಾಗಿ ಬೆಸುಗೆ ತೆರೆಯಬೇಕಾದರೆ ಅಂಗುಳಿನ ಮೂಳೆಗೆ ಸಾಮಾನ್ಯವಾಗಿ ನಾಲ್ಕು ಮಿನಿಸ್ಕ್ರೂ ಹಾಕಿ ಅದರ ಮೇಲೆ ಅಗಲಿಸುವ ಸಾಧನ ಕೂರಿಸಬೇಕು. ಸ್ಕ್ರೂ ಅಂಗುಳಿನ ಪದರವನ್ನೂ ಮೂಗಿನ ನೆಲದ ಪದರವನ್ನೂ ಎರಡನ್ನೂ ಹಿಡಿದಿರಬೇಕು. ಒಂದನ್ನೇ ಹಿಡಿದರೆ ಒತ್ತಡಕ್ಕೆ ಸ್ಕ್ರೂ ವಾಲುತ್ತದೆ, ಬೆಸುಗೆ ಕದಲುವುದಿಲ್ಲ. ಉದ್ದ ಆರಿಸಲು ಸಿಬಿಸಿಟಿಯಲ್ಲಿ ಮೂಳೆಯ ದಪ್ಪ ಅಳೆಯಿರಿ (ಸಿಬಿಸಿಟಿಗೆ ಸರಿಯಾದ ಉಪಯೋಗ ಇದು). ತಿರುವಿನ ಅಳತೆ ಹೈರಾಕ್ಸಿನದ್ದೇ ಎಂದುಕೊಳ್ಳಬೇಡಿ, ಸಾಧನದಿಂದ ಸಾಧನಕ್ಕೆ ಬೇರೆ. ವಯಸ್ಸಾದಷ್ಟೂ, ಅದರಲ್ಲೂ ಗಂಡಸರಲ್ಲಿ, ಬೆಸುಗೆ ಬಿಡದಿರುವುದು ಅಥವಾ ಒಂದೇ ಕಡೆ ಬಿಡುವುದು ಹೆಚ್ಚು. ಬಿಡದಿದ್ದರೆ ಇನ್ನೂ ಬಲವಾಗಿ ತಿರುಗಿಸುವುದು ಪರಿಹಾರವಲ್ಲ. ಮೂಳೆಯನ್ನು ಶಸ್ತ್ರವೈದ್ಯರು ಸಡಿಲ ಮಾಡಿ, ನಾಲ್ಕೈದು ದಿನ ಬಿಟ್ಟು ತಿರುಗಿಸಲು ಶುರು ಮಾಡಬೇಕು. ಮೂಗು ಸದಾ ಕಟ್ಟಿರುವ, ಅಂಗುಳು ಕಿರಿದಾದ ರೋಗಿಗೆ ಇದರಿಂದ ಸಿಪ್ಯಾಪ್ ಸಹಿಸುವುದಾದರೂ ಸುಲಭವಾಗಬಹುದು.

ನಿದ್ದೆಗಣ್ಣು

ಸಿಪ್ಯಾಪ್ ಮತ್ತು ಕ್ಲಿಪ್ ಒಟ್ಟಿಗೆ ಇರುವವರು ಮಾಸ್ಕ್ ಬಗ್ಗೆ ಕೇಳುತ್ತಲೇ ಇರುತ್ತಾರೆ. ಮೂಗಿನ ಹೊಳ್ಳೆಗೆ ಕೂರುವ ಮೆತ್ತೆ ಮಾಸ್ಕ್ ಆದರೆ ತುಟಿಯನ್ನು ಬ್ರಾಕೆಟ್ಟಿಗೆ ಕಡಿಮೆ ಒತ್ತುತ್ತದೆ. ಚುಚ್ಚುವ ಬ್ರಾಕೆಟ್ಟಿಗೆ ಮಲಗುವ ಮೊದಲು ಮೇಣ. ಬೆಳೆಯುವ ಮಕ್ಕಳಲ್ಲಿ ಮಾಸ್ಕಿನ ಪಟ್ಟಿಯನ್ನು ಅತಿಯಾಗಿ ಬಿಗಿದರೆ ವರ್ಷಗಳಲ್ಲಿ ಮೇಲ್ದವಡೆಯ ಮುಂಭಾಗ ಹಿಂದೆ ಉಳಿಯಬಹುದು, ಅದಕ್ಕೇ ಆ ಮಕ್ಕಳ ಮುಖದ ಅಳತೆಯನ್ನು ಆರ್ಥೊಡಾಂಟಿಸ್ಟ್ ಆಗಾಗ ನೋಡುತ್ತಿರಬೇಕು. ಅಗಲಿಸುವುದು ಅಥವಾ ದವಡೆ ಮುಂದೆ ತರುವುದು ಮುಗಿದ ಮೇಲೆ ಯಂತ್ರದ ಹಳೆಯ ಒತ್ತಡವನ್ನೇ ಮುಂದುವರಿಸಬೇಡಿ. ದಾರಿ ಅಗಲವಾಗಿದ್ದರೆ ಅಷ್ಟು ಒತ್ತಡ ಬೇಕಿಲ್ಲ, ಮಾಸ್ಕಿನ ಅಂಚಿನಿಂದ ಗಾಳಿ ಸೋರಲು ಅದೂ ಒಂದು ಕಾರಣ. ಹೊಸದಾಗಿ ಟೈಟ್ರೇಷನ್ (ಬೇಕಾದ ಒತ್ತಡ ಗೊತ್ತುಮಾಡುವ ಪರೀಕ್ಷೆ) ಮಾಡಿಸಿ.